ಫೋನಿನಲ್ಲಿ ವಾರಂಟು ಬರೋದಿಲ್ಲ ಸ್ವಾಮೀ!

ಕಳೆದ ವಾರ ನಮ್ಮ ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ ಹಾಡಹಗಲೇ ಅರ್ಧ ಶಟರ್ ಎಳೆದುಕೊಂಡು ಕೂತಿತ್ತು. ಹಬ್ಬವಿಲ್ಲ, ಸೂತಕವಿಲ್ಲ, ಬಂದ್ ಕರೆಯೂ ಇಲ್ಲ. "ಯಜಮಾನ್ರಿಗೆ ಏನೋ ಆಗೈತೆ" ಅಂತ ಅಕ್ಕಪಕ್ಕದವರು ಮಾತಾಡಿಕೊಂಡರು.

ಒಳಗೆ ಯಜಮಾನರು ಮೊಬೈಲನ್ನು ಸಕ್ಕರೆ ಚೀಲಕ್ಕೆ ಒರಗಿಸಿ, ಅದರ ಮುಂದೆ ಕೈಕಟ್ಟಿ ಕೂತಿದ್ದರು. ತೆರೆಯ ಮೇಲೆ ಖಾಕಿ ತೊಟ್ಟ ಒಬ್ಬ ಆಸಾಮಿ. ಅವನ ಬೆನ್ನ ಹಿಂದೆ ಗಾಂಧೀಜಿ ಫೋಟೋ, ಬಾವುಟ, ಪೊಲೀಸ್ ಲಾಂಛನ. ಎಲ್ಲಾ ಠಾಣೆಯಲ್ಲಿ ಇದ್ದ ಹಾಗೇ.

"ನಿಮ್ಮ ಆಧಾರ್ ಮೇಲೆ ಮುಂಬೈನಲ್ಲಿ ಖಾತೆ ತೆರೆದಿದೆ. ಅದರಲ್ಲಿ ಕಳ್ಳ ಹಣ ಓಡಾಡಿದೆ. ನಿಮ್ಮ ಮೇಲೆ ವಾರಂಟ್ ಆಗಿದೆ. ಕ್ಯಾಮೆರಾ ಮುಂದಿನಿಂದ ಎದ್ದರೆ ಬೇಡಿ. ಹೆಂಡತಿ ಮಕ್ಕಳಿಗೆ ಹೇಳಿದರೆ ಅವರೂ ಆರೋಪಿಗಳು." ಮೊದಲು ಹಿಂದಿಯಲ್ಲಿ, ಆಮೇಲೆ ಹರಕು ಮುರುಕು ಕನ್ನಡದಲ್ಲಿ ಇದೇ ಪಾಠ. ನಲವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ, ಹತ್ತು ಗ್ರಾಂ ಹೆಚ್ಚುಕಮ್ಮಿ ಆದರೆ ಕಣ್ಣಳತೆಯಲ್ಲೇ ಹೇಳುವವರು, ಮೂರು ತಾಸು ನೀರು ಸಹ ಕುಡಿಯದೆ ಕೂತಿದ್ದರು. "ಪರಿಶೀಲನೆ"ಗೆ 4 ಲಕ್ಷ ಕಳಿಸಲು ಚೆಕ್ ಪುಸ್ತಕವನ್ನೂ ಹೊರಗೆ ತೆಗೆದಿದ್ದರು.

ಅಷ್ಟರಲ್ಲಿ ಲೋಡು ಇಳಿಸಿ ಬಂದ ಅಂಗಡಿ ಹುಡುಗ ಶಟರ್ ಕೆಳಗೆ ತಲೆ ತೂರಿಸಿದ. ಎರಡು ನಿಮಿಷ ಕೇಳಿಸಿಕೊಂಡು, "ಯಜಮಾನ್ರೇ, ಪೊಲೀಸ್ರು ಹಿಡಿಯೋದಾದ್ರೆ ಇಲ್ಲಿಗೇ ಬರ್ತಿದ್ರಲ್ರೀ? ಸ್ಟೇಷನ್ ಏನು ದೂರ ಐತಾ? ನಾನೇ ಓಡಿಹೋಗಿ ಕೇಳ್ಕೊಂಡ್ ಬರ್ಲಾ?" ಅಂದ. ಸ್ಟೇಷನ್ ಅಂದದ್ದೇ ತಡ, ಖಾಕಿ ಆಸಾಮಿ "ಯಾರದು? ಹೊರಗೆ ಕಳಿಸು ಅವನನ್ನ!" ಅಂತ ಕಿರುಚಾಡಿದ.

ಪೊಲೀಸಿನವನಿಗೆ ಪೊಲೀಸ್ ಸ್ಟೇಷನ್ ಕಂಡರೆ ಭಯ ಯಾಕೆ? ಯಜಮಾನರಿಗೆ ಅಲ್ಲಿ ಬುದ್ಧಿ ಬಂತು. ಫೋನ್ ಕಟ್. ದುಡ್ಡು ಉಳೀತು. ಮಾರನೆಯ ಸಂಜೆ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಅವರೇ ಹೇಳಿದರು: "ಹೆಸರು ಮಾತ್ರ ಹಾಕಬೇಡ್ರಪ್ಪಾ, ಮಾನ ಹೋಗ್ತೈತೆ." ಹಾಕಿಲ್ಲ. ಆದರೆ ನಾಚಿಕೆ ಪಡಬೇಕಾದವರು ಅವರಲ್ಲ.

ಬೀಡಿ ಗ್ರಾಮದ ದುರಂತ

ಎಲ್ಲರಿಗೂ ಇಂಥ ಅದೃಷ್ಟ ಇರೋದಿಲ್ಲ. ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ 2025ರ ಮಾರ್ಚ್‌ನಲ್ಲಿ ವಯಸ್ಸಾದ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಇಂಥದೇ ಕರೆ, ಇಂಥದೇ ಬೆದರಿಕೆ. ಜೀವಮಾನದ ಉಳಿತಾಯದ ಲಕ್ಷಾಂತರ ರೂಪಾಯಿ ಕೊಟ್ಟ ಮೇಲೂ ಕಾಟ ನಿಂತಿರಲಿಲ್ಲ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದ್ದರೆ ಆ ಇಬ್ಬರು ಹಿರಿಯರು ಉಳಿಯುತ್ತಿದ್ದರೋ ಏನೋ. ಆ ಒಂದು ಮಾತು ಆಡದಂತೆ ನೋಡಿಕೊಳ್ಳುವುದೇ ಈ ದಂಧೆಯ ಬಂಡವಾಳ.

"ಅವರು ಮುದುಕರು, ಮೋಸ ಹೋದರು" ಅನ್ನಬೇಡಿ. ಓದಿದವರೂ ಬಿದ್ದಿದ್ದಾರೆ. 2024ರಲ್ಲಿ ಲೂಧಿಯಾನದ ಹೆಸರಾಂತ ಜವಳಿ ಉದ್ಯಮಿಯೊಬ್ಬರಿಗೆ ವಿಡಿಯೋದಲ್ಲೇ ಸುಳ್ಳು ಸುಪ್ರೀಂ ಕೋರ್ಟ್ ತೋರಿಸಿ, ಸುಳ್ಳು ಮುಖ್ಯ ನ್ಯಾಯಮೂರ್ತಿಯನ್ನು ಕೂರಿಸಿ 7 ಕೋಟಿ ಕಿತ್ತರು. ಬೆಂಗಳೂರಿನ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಹೀಗೇ ಹೆದರಿಸಿಕೊಂಡು ಸುಮಾರು 32 ಕೋಟಿ ಕಳೆದುಕೊಂಡ ಸುದ್ದಿ 2025ರ ನವೆಂಬರ್‌ನಲ್ಲಿ ಹೊರಬಂತು. ತನ್ನ ಹೆಸರಿನಲ್ಲೇ ನಕಲಿ ಆದೇಶ ಹುಟ್ಟಿಸುತ್ತಿರುವುದು ಕಂಡು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತಾನೇ ವಿಚಾರಣೆಗೆ ತೆಗೆದುಕೊಂಡಿತು. ಡಿಸೆಂಬರ್‌ನಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಕುಂಬಳಕಾಯಿ ಕದಿಯದವನೂ…

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಖದೀಮರು ಕಂಡುಕೊಂಡಿರುವ ಗುಟ್ಟು ಏನೆಂದರೆ, ಕುಂಬಳಕಾಯಿ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ! ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ಕೇಳಿಕೊಂಡೇ ಬೆಳೆದವರು ನಾವು. ಮರ್ಯಾದಸ್ಥ ಮನುಷ್ಯ ಕಟಕಟೆ ಅಂದರೆ ಬೆವರುತ್ತಾನೆ. ಆ ಬೆವರನ್ನೇ ಇವರು ದುಡ್ಡು ಮಾಡಿಕೊಳ್ಳುತ್ತಾರೆ.

ಕಥೆಗಳು ನಾಲ್ಕೈದೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ನಿಮ್ಮ ಸಿಮ್ಮಿನಿಂದ ಅಶ್ಲೀಲ ಸಂದೇಶ ಹೋಗಿದೆ, ಎರಡು ಗಂಟೆಯಲ್ಲಿ ನಂಬರ್ ಬಂದ್. ನಿಮ್ಮ ಮಗ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಬಿಡಬೇಕಾದರೆ ಈಗಲೇ ಕಳಿಸಿ. ಜಿಎಸ್‌ಟಿ ಕಟ್ಟಿಲ್ಲ, ಸಂಜೆಗೆ ಅಂಗಡಿ ಸೀಲ್. ವೇಷ ಬೇರೆ ಬೇರೆ, ಸೂತ್ರ ಒಂದೇ: ಹೆದರಿಸು, ಒಂಟಿ ಮಾಡು, ಅವಸರ ಮಾಡು, ದುಡ್ಡು ಕೇಳು.

ವ್ಯಾಪಾರಸ್ಥರು ಜಿಎಸ್‌ಟಿ ಹೆಸರು ಕೇಳಿದರೆ ಬೆಚ್ಚುವುದಕ್ಕೆ ಕಾರಣವೂ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೂ ನೋಟಿಸು ಕೊಟ್ಟಾಗ ರಾಜ್ಯದಲ್ಲಿ ಎಷ್ಟು ಗದ್ದಲವಾಯಿತು ನೆನಪಿರಬಹುದು. ಆದರೆ ಒಂದು ಗಮನಿಸಿ. ಅದು ನಿಜವಾದ ನೋಟಿಸು. ಉತ್ತರ ಕೊಡಲು ದಿನಗಳಿದ್ದವು, ಹೋಗಿ ಕೇಳಲು ಕಚೇರಿ ಇತ್ತು, ಕರೆದುಕೊಂಡು ಹೋಗಲು ಲೆಕ್ಕ ಬರೆಯುವವರಿದ್ದರು. ನಿಜವಾದ ಸರಕಾರ ಯಾವತ್ತೂ ಅಷ್ಟು ಅವಸರ ಮಾಡೋದಿಲ್ಲ. ತಾಲೂಕು ಕಚೇರಿಗೆ ಅಲೆದವರಿಗೆ ಇದನ್ನು ಹೇಳಿಕೊಡಬೇಕೇ!

ಕಾನೂನು ಏನನ್ನುತ್ತದೆ?

"ಡಿಜಿಟಲ್ ಅರೆಸ್ಟ್" ಅನ್ನೋದು ದೇಶದ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ, ಸಿಬಿಐಯವರೂ, ಇ.ಡಿ.ಯವರೂ, ಯಾವ ಜಡ್ಜೂ ವಿಡಿಯೋ ಕರೆಯಲ್ಲಿ ಬಂಧಿಸೋದಿಲ್ಲ.

2024ರ ಜುಲೈ 1ರಿಂದ ಹಳೆಯ ಸಿ.ಆರ್.ಪಿ.ಸಿ. ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 36ನೇ ಕಲಮಿನ ಪ್ರಕಾರ ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕು. ಬಂಧನದ ಪತ್ರ ಬರೆಯಬೇಕು. ಅದಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ರುಜು ಹಾಕಬೇಕು. ಅಂದರೆ ಏನಾಯಿತು? "ಮನೆಯವರಿಗೆ ಹೇಳಬೇಡ" ಅನ್ನುವವನು ಕಳ್ಳ, "ಮನೆಯವರನ್ನ ಕರೀರಿ" ಅನ್ನುವವನು ಪೊಲೀಸು. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಗೆದ್ದಂತೆ. ಹಿಡಿದ ಮೇಲೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ.

ವಾಟ್ಸಾಪಿನಲ್ಲಿ ಮೊಹರು ಹಾಕಿದ ಕಾಗದ ಕಳಿಸಿದರೋ? ಪೊಲೀಸರು ಆರೋಪಿಗೆ ಹಾಜರಾಗಲು ಕೊಡುವ 35ನೇ ಕಲಮಿನ ನೋಟಿಸನ್ನು ವಾಟ್ಸಾಪಿನಲ್ಲಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ. ಮೊಹರು ಈಗ ಕಂಪ್ಯೂಟರಿನಲ್ಲಿ ಐದು ನಿಮಿಷದ ಕೆಲಸ. ಇನ್ನು "ಹಣ ರಿಸರ್ವ್ ಬ್ಯಾಂಕಿನ ಸುರಕ್ಷಿತ ಖಾತೆಗೆ ಹಾಕಿ, ಪರಿಶೀಲಿಸಿ ವಾಪಸ್ ಕೊಡುತ್ತೇವೆ" ಅನ್ನುವುದಂತೂ ಶುದ್ಧ ಬೊಗಳೆ. ಅಂಥ ಖಾತೆಯೇ ಇಲ್ಲ.

ಹಾಗಾದರೆ ಏನು ಮಾಡಬೇಕು?

ಕರೆ ಬಂದರೆ ವಾದ ಮಾಡಬೇಡಿ, ಬೈಯಲೂ ಬೇಡಿ. ಸುಮ್ಮನೆ ಕಟ್ ಮಾಡಿ. ಫೋನ್ ಕಟ್ ಮಾಡಿದ್ದಕ್ಕೆ ಯಾರಿಗೂ ಶಿಕ್ಷೆಯಿಲ್ಲ. ನಂಬರ್, ಕಾಗದ, ಫೋಟೋ ಅಳಿಸದೆ ಇಟ್ಟುಕೊಳ್ಳಿ. ಆಧಾರ್, ಒಟಿಪಿ ಹೇಳಬೇಡಿ. ಅವರು ಹೇಳಿದ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ. ಮಗನ ಹೆಸರು ಹೇಳಿದರೆ ಮಗನಿಗೇ ನೇರ ಫೋನ್ ಮಾಡಿ. ಅನುಮಾನ ಹೋಗದಿದ್ದರೆ ಹತ್ತಿರದ ಠಾಣೆಗೆ ನಡೆದುಕೊಂಡು ಹೋಗಿ ಕೇಳಿ. ಎಲ್ಲಕ್ಕಿಂತ ಮೊದಲು ಯಾರಾದರೂ ಒಬ್ಬರಿಗೆ ಹೇಳಿ. ಹೆಂಡತಿ, ಮಗಳು, ಪಕ್ಕದ ಅಂಗಡಿಯವರು, ಯಾರಾದರೂ ಸರಿ.

ದುಡ್ಡು ಹೋಗಿಬಿಟ್ಟಿದೆಯೇ? ತಲೆ ಮೇಲೆ ಕೈಹೊತ್ತು ಕೂರಬೇಡಿ. ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಕದ್ದ ಹಣ ಒಂದು ಖಾತೆಯಿಂದ ಹತ್ತು ಖಾತೆಗೆ ಹಾರುತ್ತಾ ಹೋಗುತ್ತದೆ. ಅದು ಹಾರುವ ಮೊದಲೇ ದೂರು ಮುಟ್ಟಿದರೆ ಬ್ಯಾಂಕಿನವರು ತಡೆಹಿಡಿಯಬಹುದು. ಬೆಳಗ್ಗೆ ನೋಡೋಣ ಅಂದರೆ ಹಕ್ಕಿ ಹಾರಿಹೋಗಿರುತ್ತದೆ. ಆಮೇಲೆ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಡಿ.

ಹುಡುಗರಿಗೂ ಒಂದು ಮಾತು. ಕದ್ದ ಹಣ ಹರಿಯುವ ಆ ಹತ್ತು ಖಾತೆಗಳು ಆಕಾಶದಿಂದ ಬಿದ್ದವಲ್ಲ. "ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್" ಅಂತ ಯಾರೋ ಕೇಳಿದಾಗ ಕೊಟ್ಟವರ ಖಾತೆಗಳು. ಪೊಲೀಸರು ಮೊದಲು ಬಾಗಿಲು ಬಡಿಯೋದು ಖಾತೆದಾರನ ಮನೆಯದು. ಆಗ ಬರುವ ವಾರಂಟು ಮಾತ್ರ ಅಸಲಿ.

ಹರಿಹರದ ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವವರು ಪಕ್ಕದ ಸೀಟಿನವರಿಗೂ ಓದಿ ಹೇಳಿ. ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರಿಗೆ ಹೇಳಿ: "ಅಪ್ಪಾ, ಯಾರೇ ಫೋನಿನಲ್ಲಿ ಹೆದರಿಸಿದರೂ ಮೊದಲು ನನಗೆ ಹೇಳು. ನಾನು ಬೈಯೋದಿಲ್ಲ." ಈ ಕೊನೆಯ ಮಾತು ಮುಖ್ಯ. ಮಕ್ಕಳು ಬೈತಾರೆ ಅನ್ನುವ ಭಯಕ್ಕೇ ಎಷ್ಟೋ ಹಿರಿಯರು ಬಾಯಿ ಬಿಡೋದಿಲ್ಲ.

ಮಂಡಿಪೇಟೆಯ ಆ ಹುಡುಗ ಕಾನೂನು ಓದಿದವನಲ್ಲ. ಸ್ಟೇಷನ್ ಎಲ್ಲಿದೆ ಅಂತ ಗೊತ್ತಿತ್ತು, ಹೋಗಿ ಕೇಳುವ ಧೈರ್ಯ ಇತ್ತು. ಯಜಮಾನರು ಈ ತಿಂಗಳಿಂದ ಅವನ ಸಂಬಳ ಏರಿಸಿದ್ದಾರಂತೆ. ನಾಲ್ಕು ಲಕ್ಷ ಉಳಿಸಿದವನಿಗೆ ಅಷ್ಟಾದರೂ ಬೇಡವೇ?