ಹೆಸರಘಟ್ಟ ಮರೆತ ಗೆಣಸು

ಬೆಂಗಳೂರಿನ ಸಿಂಗಸಂದ್ರದ ಪೀಜಿಗಳಲ್ಲಿರುವ ಎಷ್ಟೋ ಹುಡುಗಿಯರು ಗದ್ದಕ್ಕೆ, ಮೇಲ್ದುಟಿಗೆ ಥ್ರೆಡಿಂಗ್ ಮಾಡಿಸಿಕೊಂಡೇ ಆಫೀಸಿಗೆ ಹೋಗುತ್ತಾರೆ. ಗಂಡು ಹಾರ್ಮೋನು ಹೆಚ್ಚಾಗಿ ಮುಖದಲ್ಲಿ ಕೂದಲು ಬೆಳೆಯುವ ಪಿಸಿಓಡಿ ಅಂತ ಡಾಕ್ಟರು 21 ಗರ್ಭನಿರೋಧಕ ಮಾತ್ರೆಗಳ ಸ್ಟ್ರಿಪ್ ಬರೆದುಕೊಟ್ಟರೆ ಊರಿನಿಂದ ಅಮ್ಮನ ಫೋನು: ‘ಮದುವೆಗೆ ಮುಂಚೆ ಆ ಮಾತ್ರೆ ಯಾಕೆ ತಗೋತೀಯಾ?’ ಆ ಮಾತ್ರೆಯ ಬೇರು ಹುಡುಕುತ್ತ ಹೋದರೆ ಸಿಗುವುದು ನಿಜಕ್ಕೂ ಒಂದು ಗೆಡ್ಡೆ.

1935ರಲ್ಲಿ ಷಿಕಾಗೋದ ಸ್ಟೀನ್ ಮತ್ತು ಲೆವೆಂಥಾಲ್ ಈ ಕಾಯಿಲೆಯನ್ನು ವಿವರಿಸಿದಾಗ ಅಂಡಾಶಯದ ಒಂದು ಭಾಗ ಕತ್ತರಿಸಿ ತೆಗೆಯುವುದೇ ಚಿಕಿತ್ಸೆ. ಹಾರ್ಮೋನು ಬಲು ದುಬಾರಿಯಾಗಿದ್ದ ಕಾಲ. ರಸೆಲ್ ಮಾರ್ಕರ್ ಎಂಬ ಹಟಮಾರಿ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ರಾಸಾಯನಿಕ ಡಯೋಸ್ಜೆನಿನ್‌ನಿಂದ ಪ್ರೊಜೆಸ್ಟೆರಾನ್ ಹಾರ್ಮೋನು ತಯಾರಿಸಿದ. 1944ರಲ್ಲಿ ಸಿಂಟೆಕ್ಸ್ ಕಂಪನಿ ಕಟ್ಟಿ, ಮರುವರ್ಷವೇ ಪಾಲುದಾರರ ಜೊತೆ ಜಗಳವಾಡಿ ಹೊರನಡೆದ. ರಾಸಾಯನಿಕಗಳಿಗೆ ಅವನು ಹಾಕಿದ್ದು ಬರೀ ಗುಪ್ತ ಗುರುತು. ಹಾಗಾಗಿ ಅವನ ವಿಧಾನವನ್ನು ಅವನ ಜಾಗಕ್ಕೆ ಬಂದ ಜಾರ್ಜ್ ರೋಸೆನ್‌ಕ್ರಾನ್ಜ್ ಮೊದಲಿನಿಂದ ಕಂಡುಕೊಳ್ಳಬೇಕಾಯಿತು. 1951ರಲ್ಲಿ ಗರ್ಭನಿರೋಧಕ ಮಾತ್ರೆಯ ಹಾರ್ಮೋನು ನೊರೆಥಿಸ್ಟೆರಾನ್ ಹುಟ್ಟಿದ್ದು ಆ ಕಂಪನಿಯಲ್ಲೇ.

ಇನ್ನು ಮುಖದ ಕೂದಲಿನ ಕಥೆಗೆ ತಿರುವು ಕೊಟ್ಟವು ಬರ್ಲಿನ್ನಿನ ಇಲಿಗಳು. ಷೆರಿಂಗ್ ಕಂಪನಿ 1961ರಲ್ಲಿ ತಯಾರಿಸಿದ ಸೈಪ್ರೊಟೆರಾನ್ ಅಸಿಟೇಟನ್ನು ಬಸುರಿ ಇಲಿಗಳಿಗೆ ಕೊಟ್ಟಾಗ ಗಂಡುಮರಿಗಳಲ್ಲಿ ಹೆಣ್ಣಿನ ಲಕ್ಷಣ ಕಂಡವು. ಗಂಡು ಹಾರ್ಮೋನಿನ ಕೆಲಸವನ್ನೇ ಅದು ತಡೆಯುತ್ತಿತ್ತು! ಅದಕ್ಕೆ ಈಸ್ಟ್ರೋಜನ್ ಬೆರೆಸಿದ ಮಾತ್ರೆಯೂ ಬಂತು. ಆದರೆ ರಕ್ತ ಹೆಪ್ಪುಗಟ್ಟುವ ಭಯವಿದೆ. ಈ ಕಾಯಿಲೆಗಾಗಿ 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನು ಮೊದಲ ಆಯ್ಕೆಯಾಗಿ ಒಪ್ಪುವುದಿಲ್ಲ. ಎರಡು ಹಾರ್ಮೋನು ಬೆರೆಸಿದ ಉಳಿದ ಜೋಡಿ ಮಾತ್ರೆಗಳೂ ಅಂಡಾಶಯದ ಗಂಡು ಹಾರ್ಮೋನನ್ನು ತಗ್ಗಿಸುತ್ತವೆ, ಲಿವರಿನ ಒಂದು ಪ್ರೋಟೀನನ್ನು ಹೆಚ್ಚಿಸಿ ರಕ್ತದ ಟೆಸ್ಟೊಸ್ಟೆರಾನನ್ನು ಕಟ್ಟಿಹಾಕುತ್ತವೆ. ಕೂದಲಿನ ಬೆಳವಣಿಗೆ ತಗ್ಗಿದ್ದು ಕಾಣಲು ಆರು ತಿಂಗಳಾದರೂ ಬೇಕು. ಮೈಗ್ರೇನ್, ಬಿಪಿ, ಸಿಗರೇಟು ಇದ್ದರೆ ಡಾಕ್ಟರಿಗೆ ಮುಚ್ಚಿಡಬಾರದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೆಂಗಳೂರಿನ ಪಕ್ಕದ ನಮ್ಮ ಹೆಸರಘಟ್ಟ. ಅದೇ ಡಯೋಸ್ಜೆನಿನ್ ಕೊಡುವ, ಮಧ್ಯ ಅಮೆರಿಕದ ಡಯೋಸ್ಕೋರಿಯಾ ಫ್ಲೋರಿಬಂಡಾ ಎಂಬ ಗೆಣಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಲ್ಲಿ ಪಳಗಿಸಿ, ‘ಅರ್ಕಾ ಉಪಕಾರ್’ ಎಂಬ ತಳಿಯನ್ನೇ ಬಿಡುಗಡೆ ಮಾಡಿತ್ತು. ಗೆಡ್ಡೆಯ ತಲೆಭಾಗದ ತುಂಡು ನೆಟ್ಟರೆ ತಿಂಗಳೊಳಗೆ ಚಿಗುರು, ನಡುವಿನ ತುಂಡಾದರೆ ಅದಕ್ಕಿಂತ ಬಹಳ ತಡ. ಬಳ್ಳಿಗೆ ಚಪ್ಪರ ಬೇಕು. ತಿನ್ನುವ ಗೆಣಸಲ್ಲ, ಔಷಧದ ಕಚ್ಚಾಮಾಲು.

ಆಮೇಲೆ ಸೋಯಾ ಎಣ್ಣೆಯ ಸ್ಟೆರಾಲ್‌ಗಳನ್ನು ಸೂಕ್ಷ್ಮಾಣುಗಳಿಂದ ಮಾರ್ಪಡಿಸುವ ಅಗ್ಗದ ದಾರಿ ಬಂತು, ಗೆಣಸಿಗೆ ಬೇಡಿಕೆ ಇಳಿಯಿತು. ಅರ್ಕಾ ಉಪಕಾರ್ ಈಗ ತೋಟಗಾರಿಕೆ ಪಠ್ಯಗಳಲ್ಲಿ ಒಂದೆರಡು ಸಾಲು. ಇಷ್ಟು ಬೇಗ ಮರೆತೆವಲ್ಲ ಎಂದು ನನಗೆ ಸಿಟ್ಟಿದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಇದರದ್ದೊಂದು ಚಪ್ಪರ ಹಾಕಲಿ, ಅಮ್ಮಂದಿರು ಬಂದು ನೋಡಲಿ.