ಕಡಲ ದಂಡೆ ಕಾಯಲು ಕಾಯ್ದೆಯೊಂದೇ ಸಾಲದು

ಅಮೆರಿಕದ ಪಶ್ಚಿಮ ತೀರದಲ್ಲಿ, ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳ ನಡುವೆ ಆರೆಗನ್ ಇದೆ. ಅದರ ಕರಾವಳಿ ಸುಮಾರು 580 ಕಿಲೋಮೀಟರ್ ಉದ್ದ. ಕಡಲಿಗೆ ಚಾಚಿಕೊಂಡ ಕಡಿದಾದ ಗುಡ್ಡಗಳು, ಅವುಗಳ ನಡುವೆ ಅಗಲವಾದ ಮರಳ ದಂಡೆಗಳು, ನೀರಿನಿಂದ ಎದ್ದುನಿಂತ ಒಂಟಿ ಬಂಡೆಗಳು. ಇಷ್ಟು ಚೆಲುವಿರುವ ಕಡೆಗೆ ಉಳ್ಳವರ ಬಂಗಲೆ, ಹೋಟೆಲು, ಬೇಲಿಗಳು ಬರಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಆರೆಗನ್ನಿನಲ್ಲಿ ಮಾತ್ರ ಮರಳ ದಂಡೆಯುದ್ದಕ್ಕೂ ಓಡಾಡುವ ಹಕ್ಕು ಇಂದಿಗೂ ಎಲ್ಲರಿಗೂ ಇದೆ. ಗುಡ್ಡಗಳಲ್ಲಿ ಎಷ್ಟೋ ರಾಜ್ಯ ಉದ್ಯಾನಗಳಾಗಿ ಉಳಿದಿವೆ. ಅಲ್ಲಿನವರ ನಿಸರ್ಗಪ್ರೀತಿಯೇ ಇದಕ್ಕೆ ಕಾರಣ ಎಂದುಬಿಡುವುದು ಸುಲಭ. ಅಲ್ಲಿನ ಚರಿತ್ರೆಯನ್ನು ನೋಡಿದರೆ ಎರಡು ಗಟ್ಟಿ ಕೆಲಸಗಳು ಕಾಣುತ್ತವೆ. ಮರಳಿನ ಮೇಲೆ ಜನರಿಗಿರುವ ಹಕ್ಕನ್ನು ಕಾನೂನಾಗಿ ಬರೆದದ್ದು ಒಂದು. ಅದರ ಮೇಲಿನ ನೆಲವನ್ನು ಬೆಲೆ ಏರುವ ಮೊದಲೇ ರಾಜ್ಯದ ಒಡೆತನಕ್ಕೆ ತಂದದ್ದು ಇನ್ನೊಂದು. ಇವುಗಳಲ್ಲಿ ಒಂದೇ ಇದ್ದಿದ್ದರೆ ತೀರ ಅರ್ಧವೇ ಉಳಿಯುತ್ತಿತ್ತು.

ಮೊದಲ ಕೆಲಸ ಶುರುವಾದದ್ದು ಗವರ್ನರ್ ಓಸ್ವಾಲ್ಡ್ ವೆಸ್ಟ್ ಅವರ ಕಾಲದಲ್ಲಿ. ಅದಕ್ಕೂ ಮುಂಚೆ ರಾಜ್ಯವೇ ಉಬ್ಬರವಿಳಿತದ ನೆಲವನ್ನು ತುಂಡುತುಂಡಾಗಿ ಖಾಸಗಿಯವರಿಗೆ ಮಾರುತ್ತಿತ್ತು. ಕರಾವಳಿಯಲ್ಲಿ ಸರಿಯಾದ ರಸ್ತೆಗಳಿಲ್ಲದ ದಿನಗಳವು. ಗಟ್ಟಿಯಾದ ಒದ್ದೆ ಮರಳೇ ಕುದುರೆಗೂ ಗಾಡಿಗೂ ದಾರಿ. ವೆಸ್ಟ್ ಅದನ್ನೇ ವಾದವಾಗಿ ಹಿಡಿದರು. 1913ರಲ್ಲಿ ಇಡೀ ದಂಡೆ ಸಾರ್ವಜನಿಕ ಹೆದ್ದಾರಿ ಎಂಬ ಕಾನೂನು ಬಂತು, ಮಾರಾಟ ನಿಂತಿತು. ಆದರೆ ಆ ಕಾನೂನು ಉಬ್ಬರದ ನೀರು ಮುಟ್ಟುವ ಗೆರೆಯವರೆಗೆ ಮಾತ್ರ ಅನ್ವಯಿಸುತ್ತಿತ್ತು. ಜನ ಕೂರುವ, ಮಕ್ಕಳು ಆಡುವ ಒಣ ಮರಳು ಅದರ ಆಚೆ ಉಳಿಯಿತು. 1966ರಲ್ಲಿ ಕ್ಯಾನನ್ ಬೀಚ್ ಊರಿನ ಒಂದು ಮೋಟೆಲು ತನ್ನ ಮುಂದಿನ ಒಣ ಮರಳಿಗೆ ಅಡ್ಡ ಕಟ್ಟಿ, ಇದು ನಮ್ಮ ಅತಿಥಿಗಳಿಗಷ್ಟೇ ಎಂದಾಗ ಈ ಲೋಪ ಎಲ್ಲರ ಕಣ್ಣಿಗೆ ಬಿತ್ತು. ಇದನ್ನು ಸರಿಪಡಿಸುವ ಮಸೂದೆ ಶಾಸನಸಭೆಯ ಸಮಿತಿಯಲ್ಲೇ ಸಿಕ್ಕಿಕೊಂಡಿದ್ದಾಗ ಗವರ್ನರ್ ಟಾಮ್ ಮೆಕ್‌ಕಾಲ್ ಸರ್ವೆಯವರೊಂದಿಗೆ ಹೆಲಿಕಾಪ್ಟರಿನಲ್ಲಿ ದಂಡೆಗೇ ಇಳಿದು, ಗೆರೆ ಎಲ್ಲಿ ಬಿದ್ದರೆ ಜನರಿಗೆ ಎಷ್ಟು ಮರಳು ಉಳಿಯುತ್ತದೆ ಎಂಬುದನ್ನು ಪತ್ರಕರ್ತರ ಎದುರು ತೋರಿಸಿದರು. 1967ರ ಜುಲೈ 6ರಂದು ಮಸೂದೆಗೆ ಸಹಿ ಬಿತ್ತು. ಸಸ್ಯಗಳು ಶುರುವಾಗುವ ಗೆರೆಯವರೆಗಿನ ಮರಳಿನ ಮೇಲೆ ಜನರ ಬಳಕೆಯ ಹಕ್ಕು ಖಚಿತವಾಯಿತು.

ಆದರೆ ಮರಳಿನ ಹಕ್ಕು ಮರಳಿನಲ್ಲೇ ಮುಗಿಯುತ್ತದೆ. ಅದರ ಬೆನ್ನಿಗಿರುವ ಗುಡ್ಡದಲ್ಲಿ ಮರ ಕಡಿದರೆ, ಸೈಟು ಮಾಡಿ ಮಾರಿದರೆ, ದಂಡೆಗೆ ಇಳಿಯುವ ದಾರಿಯನ್ನೇ ಮುಚ್ಚಿದರೆ ಆ ಹಕ್ಕಿನಿಂದ ಏನು ಪ್ರಯೋಜನ? ಇದನ್ನು ಅರಿತವರು 1929ರಲ್ಲಿ ರಾಜ್ಯ ಉದ್ಯಾನಗಳ ಮೊದಲ ಮುಖ್ಯಸ್ಥರಾದ ಸ್ಯಾಮ್ಯುಯೆಲ್ ಬೋರ್ಡ್‌ಮನ್. ಉದ್ಯಾನಗಳು ಆಗ ಹೆದ್ದಾರಿ ಆಯೋಗದ ಕೈಕೆಳಗಿದ್ದವು, ಪೆಟ್ರೋಲ್ ತೆರಿಗೆಯಿಂದ ಅವುಗಳಿಗೆ ಹಣ ಸಿಗುತ್ತಿತ್ತು. ಆರ್ಥಿಕ ಕುಸಿತದ ವರ್ಷಗಳಲ್ಲಿ ಭೂಮಿ ಅಗ್ಗವಾಗಿದ್ದಾಗ ಬೋರ್ಡ್‌ಮನ್ ಕೊಳ್ಳುವುದನ್ನು ಕೊಂಡರು, ದಾನವಾಗಿ ಸಿಗುವುದನ್ನು ಕೇಳಿ ಪಡೆದರು. ದಕ್ಷಿಣದ ಕರಿ ಕೌಂಟಿಯ ತೀರವನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಅವರ ಯತ್ನ ಫಲಿಸಲಿಲ್ಲ. ಅವರು ಸುಮ್ಮನಾಗದೆ ಅಲ್ಲೂ ತುಂಡುತುಂಡಾಗಿ ನೆಲ ಕೂಡಿಸಿದರು. 1950ರಲ್ಲಿ ಅವರು ನಿವೃತ್ತರಾದರು. ಇಂದು ಅಲ್ಲಿ ಸುಮಾರು 19 ಕಿಲೋಮೀಟರ್ ಉದ್ದದ ತೀರ ಅವರ ಹೆಸರಿನ ಉದ್ಯಾನವಾಗಿದೆ.

ಇದು ಖಾಸಗಿ ಆಸ್ತಿಯ ಕಬಳಿಕೆಯಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉದ್ಯಾನಗಳ ಮಟ್ಟಿಗೆ ಉತ್ತರ ಸರಳ: ನೆಲ ಬಂದದ್ದು ಬಹುಮಟ್ಟಿಗೆ ಖರೀದಿಯಿಂದ, ದಾನದಿಂದ. ಮರಳಿನ ವಿಷಯ ನ್ಯಾಯಾಲಯ ಹತ್ತಿತು. 1969ರಲ್ಲಿ ಆರೆಗನ್ ಸುಪ್ರೀಂ ಕೋರ್ಟು, ನೆನಪಿಗೆ ನಿಲುಕದ ಕಾಲದಿಂದ ಜನ ಈ ಮರಳನ್ನು ತಡೆಯಿಲ್ಲದೆ ಬಳಸುತ್ತ ಬಂದಿದ್ದಾರೆ, ಆ ರೂಢಿಯೇ ಹಕ್ಕು ಎಂದು ತೀರ್ಪಿತ್ತಿತು. ಜಮೀನು ಮಾಲೀಕರ ಹೆಸರಲ್ಲೇ ಉಳಿಯಿತು. ಬೇಲಿ ಹಾಕುವ ಅಧಿಕಾರ ಮಾತ್ರ ಹೋಯಿತು. ಇದಕ್ಕಿಂತ ಕಠಿಣವಾದ ಆಕ್ಷೇಪ ಮೂಲನಿವಾಸಿಗಳದು. 1850ರ ದಶಕದಲ್ಲಿ ಯುದ್ಧ ಮಾಡಿ, ತೀರದ ಬುಡಕಟ್ಟುಗಳನ್ನು ಮೀಸಲು ಪ್ರದೇಶಕ್ಕೆ ಸಾಗಿಸಿ, ಆಮೇಲೆ ಆ ಮೀಸಲನ್ನೂ ಕತ್ತರಿಸಿದ ಮೇಲೆಯೇ ಈ ನೆಲ ಮಾರಾಟದ ಸರಕಾದದ್ದು. ಉದ್ಯಾನ ಆ ಅನ್ಯಾಯವನ್ನು ಸರಿಪಡಿಸಿಲ್ಲ. ಆದರೆ ಬಂಗಲೆಗಳಾಗಿ ಹಂಚಿಹೋದ ನೆಲಕ್ಕಿಂತ ಸಾರ್ವಜನಿಕ ನೆಲದ ಬಗ್ಗೆ ಆ ಸಮುದಾಯಗಳು ಸರ್ಕಾರದೊಂದಿಗೆ ಮಾತಾಡಲು ಹೆಚ್ಚು ಅವಕಾಶವಿದೆ.

ಹಣದ ಪ್ರಶ್ನೆಯೂ ಇದೆ. ನೆಲವನ್ನು ಒಮ್ಮೆ ಕೊಂಡರಾಯಿತು, ನೋಡಿಕೊಳ್ಳುವ ಖರ್ಚು ಪ್ರತಿವರ್ಷದ್ದು. 1980ರಲ್ಲಿ ಮತದಾರರು ಪೆಟ್ರೋಲ್ ತೆರಿಗೆಯನ್ನು ರಸ್ತೆಗಳಿಗಷ್ಟೇ ಮೀಸಲಿಟ್ಟಾಗ ಉದ್ಯಾನಗಳ ಆದಾಯದ ಬುಡವೇ ಅಲುಗಿತು. 1998ರಲ್ಲಿ ಅದೇ ರಾಜ್ಯದ ಮತದಾರರು ಲಾಟರಿ ಆದಾಯದ ಶೇ. 15ನ್ನು ಉದ್ಯಾನಗಳಿಗೂ ನದಿ, ಮೀನುಗಳ ರಕ್ಷಣೆಗೂ ಕೊಡಲು ಒಪ್ಪಿದರು. ಉದ್ಯಾನ ಎಂದು ಬೋರ್ಡು ಹಾಕಿ ಹಣ ಕೊಡದಿದ್ದರೆ ಕಾಲುದಾರಿ ಕುಸಿಯುತ್ತದೆ, ಕಸ ಬೀಳುತ್ತದೆ, ಜನಸಂದಣಿಯೇ ತೀರವನ್ನು ಸವೆಸುತ್ತದೆ. ಇದು ಉದ್ಯಾನದ ಕಲ್ಪನೆಯ ದೋಷವಲ್ಲ. ಅದನ್ನು ಅರ್ಧಕ್ಕೆ ಬಿಟ್ಟುದರ ಫಲ.

ನಮ್ಮ ಕರಾವಳಿಯವರಿಗೆ ಇದರಲ್ಲಿ ಎರಡು ಪಾಠಗಳಿವೆ. ಕಡಲ್ಕೊರೆತ ಮೊದಲನೆಯದು. ದಂಡೆಯ ಅಂಚಿಗೆ ಮನೆ ಬಂದರೆ ಅದನ್ನು ಉಳಿಸಲು ಕಲ್ಲಿನ ತಡೆಗೋಡೆ ಬರುತ್ತದೆ. ಹಿಂದೆ ಸರಿಯಲು ಜಾಗವಿಲ್ಲದ ಮರಳು ಗೋಡೆಯ ಬುಡದಲ್ಲಿ ತೆಳುವಾಗುತ್ತ ಹೋಗುತ್ತದೆ. 1977ರ ಜನವರಿ 1ಕ್ಕೆ ಮೊದಲು ಅಭಿವೃದ್ಧಿಯಾಗಿದ್ದ ಜಾಗಗಳಿಗೆ ಮಾತ್ರ ಇಂಥ ಗೋಡೆ ಎಂದು ಆರೆಗನ್ ನಿಯಮ ಮಾಡಿದೆ. ಉಳ್ಳಾಲದಲ್ಲಿ ಮತ್ತೆ ಮತ್ತೆ ಕಲ್ಲು ಸುರಿದದ್ದನ್ನು ಕಂಡವರಿಗೆ ಆ ನಿಯಮದ ಬೆಲೆ ತಿಳಿದೀತು. ಎರಡನೆಯದು ನಿಯಮಗಳ ಆಯುಷ್ಯ. 1991ರಲ್ಲಿ ಬಂದ ನಮ್ಮ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತಿದ್ದುಪಡಿಗಳನ್ನು ಕಾಣುತ್ತಲೇ ಬಂದಿದೆ. 2019ರ ಅಧಿಸೂಚನೆ ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷೇಧದ ಅಗಲವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಒಂದು ಅಧಿಸೂಚನೆ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳಬಲ್ಲದು. ರಾಜ್ಯದ ಹೆಸರಿಗೆ ನೋಂದಣಿಯಾಗಿ ಜನ ದಿನವೂ ಬಳಸುವ ನೆಲವನ್ನು ಹಾಗೆ ಸದ್ದಿಲ್ಲದೆ ಬಿಟ್ಟುಕೊಡಲಾಗದು.

ಹಾಗೆಂದು ಆರೆಗನ್ನಿನ ನಕಲು ಇಲ್ಲಿ ಒಗ್ಗುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ದಂಡೆಯೆಂದರೆ ದೋಣಿ ಎಳೆಯುವ, ಬಲೆ ಹರಡುವ, ಮೀನು ಒಣಗಿಸುವ ಜಾಗ. ಮೀನುಗಾರರನ್ನು ಎಬ್ಬಿಸಿ ಮಾಡುವ ಉದ್ಯಾನ ರೆಸಾರ್ಟಿನಷ್ಟೇ ಅನ್ಯಾಯ. ಆದರೆ ರೂಢಿಯ ಬಳಕೆಯೇ ಹಕ್ಕು ಎಂಬ ತರ್ಕ ಮೀನುಗಾರರಿಗೆ ಎಲ್ಲರಿಗಿಂತ ಮೊದಲು ಸಲ್ಲಬೇಕಾದದ್ದು. ಅವರ ದಂಡೆಯ ಹಕ್ಕನ್ನು ದಾಖಲೆಗೆ ತಂದು, ಇನ್ನೂ ಖಾಲಿಯಿರುವ ಕಡಲಬದಿಯ ಗುಡ್ಡಗಳನ್ನು ರಾಜ್ಯ ಈಗಲೇ ತನ್ನ ಕೈಯಲ್ಲಿಟ್ಟುಕೊಳ್ಳುವುದಾದರೆ ಆ ಖರ್ಚು ದುಬಾರಿ ಎನಿಸದು. ಹತ್ತು ವರ್ಷ ತಡೆದರೆ ಅದೇ ನೆಲಕ್ಕೆ ಕೊಡಬೇಕಾದ ಬೆಲೆಯನ್ನು ಯಾವ ಬಜೆಟ್ಟೂ ಹೊರಲಾರದು.