ಸಭೆ, ಮನೆ, ದುಡಿಮೆ: ಬಾಸೆಲ್ ಮಿಶನ್ ಪರಂಪರೆಯಲ್ಲಿ ಕ್ರೈಸ್ತ ನಂಬಿಕೆಯ ಬಾಳು

ಕನ್ನಡ ಕ್ರೈಸ್ತ ಸಾಹಿತ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಪತ್ರಿಕೆ, ಮುದ್ರಣ, ನಿಘಂಟುಗಳ ಸುತ್ತಲೇ ಸುಳಿಯುತ್ತವೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', 1894ರಲ್ಲಿ ಪ್ರಕಟವಾದ ಫರ್ಡಿನಂಡ್ ಕಿಟ್ಟೆಲರ ನಿಘಂಟು ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಪುಸ್ತಕಗಳ ಹಿಂದೆ ಒಂದು ಸಮುದಾಯವಿತ್ತು. ಅದು ತನ್ನ ಹೊಸ ನಂಬಿಕೆಯನ್ನು ದೇವಾಲಯದಲ್ಲಿ, ಮನೆಯಲ್ಲಿ, ದುಡಿಮೆಯ ಸ್ಥಳದಲ್ಲಿ ಹೇಗೆ ಬಾಳಿತು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಪ್ರಸ್ತುತ ಟಿಪ್ಪಣಿಯ ಉದ್ದೇಶ ಆ ಪ್ರಶ್ನೆಯನ್ನು ಸ್ಪಷ್ಟಪಡಿಸುವುದಷ್ಟೇ ಆಗಿದೆ.

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮಿಶನರಿಗಳು 1834ರಲ್ಲಿ ಮಂಗಳೂರನ್ನು ತಲುಪಿದರು. ಅವರಲ್ಲಿ ಹಲವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥೀಯ ಹಿನ್ನೆಲೆಯವರು. ಅಂತರಂಗದ ಪರಿವರ್ತನೆ, ಬೈಬಲಿನ ನಿತ್ಯಪಠಣ, ಕುಟುಂಬ ಪ್ರಾರ್ಥನೆ, ಶ್ರಮದ ಬದುಕು ಇವು ಆ ಪಂಥದ ಮುಖ್ಯ ಲಕ್ಷಣಗಳು. ನಂಬಿಕೆಯೆಂಬುದು ಭಾನುವಾರದ ಆರಾಧನೆಯೊಡನೆ ಮುಗಿಯುವಂಥದಲ್ಲ, ಅದು ಆರು ದಿನಗಳ ನಡೆಯಲ್ಲಿಯೂ ಕಾಣಬೇಕು ಎಂಬುದು ಅವರ ನಿಲುವು.

ಈ ನಿಲುವು ಕರಾವಳಿಯ ನೆಲದಲ್ಲಿ ಒಂದು ಕಠಿಣ ಸಮಸ್ಯೆಯನ್ನು ಎದುರಿಸಿತು. ಹೊಸ ನಂಬಿಕೆಯನ್ನು ಸ್ವೀಕರಿಸಿದವನು ಅನೇಕ ವೇಳೆ ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಳ್ಳುತ್ತಿದ್ದನು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಬಂಧುವರ್ಗದಿಂದ ದೂರವಾಗಬೇಕಾಯಿತು. ಮುಂದೆ ಅವರು ಬಾಸೆಲಿನಲ್ಲಿ ಶಿಕ್ಷಣ ಪಡೆದು 1851ರಲ್ಲಿ ದೀಕ್ಷಿತ ಬೋಧಕರಾಗಿ ಹಿಂದಿರುಗಿದರು. ಬಿಲ್ಲವ ಸಮುದಾಯದಿಂದ ಬಂದವರ ಕಷ್ಟ ಬೇರೆ ತೆರನಾದುದು. ಶೇಂದಿ ಇಳಿಸುವ ಕಸುಬು ಸಭೆಯ ಶಿಸ್ತಿಗೆ ಒಪ್ಪುತ್ತಿರಲಿಲ್ಲ, ಭೂತಾರಾಧನೆಯನ್ನು ಬಿಟ್ಟವನಿಗೆ ಊರಿನ ಆಸರೆಯೂ ಉಳಿಯುತ್ತಿರಲಿಲ್ಲ. ನಂಬಿಕೆಗೆ ಬೆಲೆ ತೆರುವವನು ವ್ಯಕ್ತಿಯಾದರೂ ಹಸಿವು ಇಡೀ ಕುಟುಂಬದ್ದು.

ನೇಯ್ಗೆಯ ಶಾಲೆ, ಮುದ್ರಣಾಲಯ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವುಗಳನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಇವು ಕೇವಲ ಉದ್ಯಮಗಳಲ್ಲ. ಬಹಿಷ್ಕೃತರಾದವರಿಗೆ ಬದುಕಿನ ನೆಲೆಯೊದಗಿಸುವ ಯತ್ನವೂ ಹೌದು. ಇಲ್ಲಿ ವಚನಕಾರರ 'ಕಾಯಕ' ಪರಿಕಲ್ಪನೆ ಸಹಜವಾಗಿಯೇ ನೆನಪಾಗುತ್ತದೆ. ದುಡಿಮೆಗೂ ದೈವನಿಷ್ಠೆಗೂ ನಂಟು ಕಲ್ಪಿಸುವಲ್ಲಿ ಎರಡೂ ಹತ್ತಿರ. ಆದರೆ ಭೇದವನ್ನು ಮರೆಯಲಾಗದು. ಶರಣನ ಕಾಯಕ ಅವನು ತಂದ ಕಸುಬಿಗೇ ಘನತೆಯನ್ನಿತ್ತಿತು; ಮಿಶನ್ನಿನ ದುಡಿಮೆ ಹಲವರ ಪಾಲಿಗೆ ಹೊಸ ಕಸುಬನ್ನೂ ಅದರೊಡನೆ ಒಬ್ಬ ಹೊಸ ಒಡೆಯನನ್ನೂ ತಂದಿತು. ಕೂಲಿ ಕೊಡುವ ಕೈಯೇ ಸಭೆಯ ಶಿಸ್ತನ್ನೂ ನಡೆಸಿದಾಗ ನಂಬಿಕೆಯ ಸ್ವಾತಂತ್ರ್ಯ ಎಷ್ಟು ಉಳಿಯುತ್ತದೆ? ಸಂಶೋಧಕನು ಈ ಪ್ರಶ್ನೆಯಿಂದ ನುಣುಚಿಕೊಳ್ಳಬಾರದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಬಂಧಿತರಾದರು, 1919ರಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ಟ್ರಸ್ಟ್ ಉದ್ಯಮಗಳನ್ನು ವಹಿಸಿಕೊಂಡಿತು. ಆಮೇಲೂ ಸಭೆಗಳು ಬದುಕಿದವು. ನಂಬಿಕೆಯು ಕಾರ್ಖಾನೆಯನ್ನು ಮೀರಿ ಮನೆಗಳಲ್ಲಿ ಬೇರೂರಿತ್ತೆಂಬುದಕ್ಕೆ ಇದು ಸಾಕ್ಷಿ.

ಮನೆಯ ಭಾಷೆಯ ಸಂಗತಿ ಇನ್ನೂ ಕುತೂಹಲಕರ. ಕರಾವಳಿಯ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಅನೇಕರ ಮನೆಮಾತು ತುಳು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಆದರೂ ಶಾಲೆಯ ಭಾಷೆಯಾಗಿ, ಗ್ರಂಥದ ಭಾಷೆಯಾಗಿ ಕನ್ನಡವೇ ಬೆಳೆಯಿತು. ಮಂಗಳೂರಿನ ಕ್ಯಾಥೊಲಿಕರ ಮನೆಪ್ರಾರ್ಥನೆ ಕೊಂಕಣಿಯಲ್ಲಿಯೇ ಉಳಿದುದನ್ನು ಇದರೊಡನೆ ಹೋಲಿಸಿ ನೋಡಬೇಕು. ಅಂದರೆ, ತುಳು ಮನೆಯವನಿಗೆ ಕನ್ನಡವು ಆಡುಮಾತಾಗುವ ಮುನ್ನವೇ ಪ್ರಾರ್ಥನೆಯ ನುಡಿಯಾಗಿತ್ತು.

ಆ ನುಡಿಯ ಶಬ್ದಸಂಪತ್ತು ಎಲ್ಲಿಂದ ಬಂದಿತು? 'ದೀಕ್ಷಾಸ್ನಾನ', 'ಕೃಪೆ', 'ಪ್ರಾಯಶ್ಚಿತ್ತ', 'ಸಭೆ', 'ಕರ್ತನು' ಇವುಗಳಲ್ಲಿ ಹೊಸದಾಗಿ ಟಂಕಿಸಿದ ಮೂಲಶಬ್ದ ಒಂದೂ ಇಲ್ಲ. ಶೈವ, ವೈಷ್ಣವ, ಜೈನ ಪರಂಪರೆಗಳು ಶತಮಾನಗಳ ಕಾಲ ಬಳಸಿ ಹದಗೊಳಿಸಿದ ಮಾತುಗಳೇ ಹೊಸ ಅರ್ಥವನ್ನು ಹೊತ್ತವು. ಮೋಗ್ಲಿಂಗರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದುದೂ, ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಬರೆದುದೂ ಆಕಸ್ಮಿಕವಲ್ಲ. ಹಳೆಯ ಭಕ್ತಿಯ ನುಡಿಯನ್ನರಿಯದೆ ಹೊಸ ಭಕ್ತಿಯನ್ನು ನುಡಿಯಲು ಸಾಧ್ಯವಿರಲಿಲ್ಲ.

ಹೊರನಾಡಿನ ಸಂಶೋಧಕರಿಗೆ ಈ ವಿಷಯ ಏಕೆ ಮುಖ್ಯ? ಉದ್ಯೋಗಕ್ಕಾಗಿ ಮುಂಬಯಿ, ಪುಣೆ ಮೊದಲಾದ ನಗರಗಳಿಗೆ ಬಂದ ಕುಟುಂಬಗಳು ಗೀತಪುಸ್ತಕವನ್ನೂ ಬೈಬಲನ್ನೂ ಜೊತೆಯಲ್ಲಿ ತಂದವು. ಅಂಥದೊಂದು ಸಭೆಯ ಕನ್ನಡ ಆರಾಧನೆಯಲ್ಲಿ ಕುಳಿತಿದ್ದಾಗ ನಾನು ಕಂಡದ್ದು ಇಷ್ಟು: ಅಜ್ಜಿ ಪುಸ್ತಕ ನೋಡದೆ ಹಾಡುತ್ತಿದ್ದರು, ಮಗಳು ಪುಸ್ತಕ ನೋಡಿ ಹಾಡುತ್ತಿದ್ದರು, ಮೊಮ್ಮಗ ಅದೇ ಗೀತೆಯನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡ ಚೀಟಿಯನ್ನು ಹಿಡಿದಿದ್ದನು. ಮೂವರ ದನಿಯೂ ಒಂದೇ ರಾಗದಲ್ಲಿ ಕೂಡಿತ್ತು. ನಂಬಿಕೆ ಮುಂದುವರಿದಿದೆ, ಲಿಪಿ ಕೈಬಿಡುತ್ತಿದೆ.

ಇದನ್ನು ದೂರುವುದು ವಿದ್ವಾಂಸನ ಕೆಲಸವಲ್ಲ. ದಾಖಲಿಸುವುದು ಅವನ ಕೆಲಸ. ಮನೆಯ ಬೈಬಲಿನ ಮೊದಲ ಪುಟದಲ್ಲಿ ಹಿರಿಯರು ಬರೆದಿಟ್ಟ ಜನನ, ವಿವಾಹ, ಮರಣಗಳ ವಿವರ, ಸಭೆಯ ದೀಕ್ಷಾಸ್ನಾನದ ದಫ್ತರ, ಅಂಚಿನಲ್ಲಿ ಟಿಪ್ಪಣಿಯುಳ್ಳ ಗೀತಪುಸ್ತಕ ಇವು ತಾಳೆಗರಿಗಳಷ್ಟೇ ಬೆಲೆಯುಳ್ಳ ಆಕರಗಳು. ಅವುಗಳನ್ನು ಓದಿ ಅರ್ಥ ಹೇಳಬಲ್ಲ ತಲೆಮಾರು ನಮ್ಮೊಡನಿರುವಾಗಲೇ ಅವರ ಬಳಿ ಹೋಗಿ, ಅವರ ಅನುಮತಿ ಪಡೆದು, ಬರೆದುಕೊಳ್ಳುವುದು ಅಗತ್ಯ. ಹಸ್ತಪ್ರತಿ ಇನ್ನೂ ಕೆಲವು ಕಾಲ ಕಾಯಬಹುದು. ಅದನ್ನು ಓದಬಲ್ಲ ದನಿ ಕಾಯಲಾರದು.